ಹೆಸರಾಂತ ಕಲಾವಿದರ ಮಗಳು ತಂದೆಯ ಬಗ್ಗೆ ಎಷ್ಟು ಬರೆಯಬಹುದು?

ಪ್ರಶ್ನೆ: ನಮ್ಮ ತಂದೆಯವರು ವೃತ್ತಿ ನಾಟಕ ಕಂಪನಿಗಳಲ್ಲಿ ಹಾಸ್ಯಪಾತ್ರಗಳಿಂದ ಹೆಸರು ಮಾಡಿ, ಮುಂದೆ ಆಕಾಶವಾಣಿಯಲ್ಲೂ ಸಿನಿಮಾದಲ್ಲೂ ದುಡಿದವರು. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ನಾನು ಹಿರಿಯ ಮಗಳು. ಬ್ಯಾಂಕಿನಿಂದ ನಿವೃತ್ತಳಾಗಿ ಹನುಮಂತನಗರದ ಮನೆಯಲ್ಲಿ ಅಮ್ಮನ ಜೊತೆಗಿದ್ದೇನೆ. ಅಮ್ಮನಿಗೆ ಈಗ 84 ವರ್ಷ. ಅಪ್ಪನ ಟ್ರಂಕಿನಲ್ಲಿ ಹ್ಯಾಂಡ್‌ಬಿಲ್‌ಗಳು, ಫೋಟೊಗಳು, ಕ್ಯಾಸೆಟ್‌ಗಳು, ಕ್ಯಾಂಪಿನಿಂದ ಅಮ್ಮನಿಗೆ ಬರೆದ ಕಾಗದಗಳು ಇವೆ. ಅವರ ಬಗ್ಗೆ ಪುಸ್ತಕ ಬರೆಯಲು ಆರಂಭಿಸಿದ್ದೇನೆ. ಆದರೆ ಜನ ಕಂಡ ಅಪ್ಪನೇ ಬೇರೆ, ಮನೆಯ ಅಪ್ಪನೇ ಬೇರೆ. ಕುಡಿತವಿತ್ತು, ದಿನಗಟ್ಟಲೆ ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಬೇರೊಂದು ಊರಿನಲ್ಲಿ ಇನ್ನೊಂದು ಸಂಸಾರವಿತ್ತು, ಅಲ್ಲೊಬ್ಬ ಮಗನಿದ್ದಾನೆ. ಅಮ್ಮನಿಗೆ ಎಲ್ಲವೂ ಗೊತ್ತು. ತಮ್ಮಂದಿರಿಬ್ಬರೂ ‘ಸತ್ತವರ ಮರ್ಯಾದೆ ಕಳೆದರೆ ಕೋರ್ಟಿಗೆ ಹೋಗುತ್ತೇವೆ’ ಎನ್ನುತ್ತಾರೆ. ಪ್ರಕಾಶಕರೊಬ್ಬರು ‘ಆ ಇನ್ನೊಂದು ಸಂಸಾರವೇ ಮೊದಲ ಅಧ್ಯಾಯವಾಗಲಿ’ ಎನ್ನುತ್ತಾರೆ. ಗೆಳತಿಯೊಬ್ಬಳು ‘ಹೆಸರು ಬದಲಿಸಿ ಕಾದಂಬರಿ ಮಾಡಿಬಿಡು’ ಎಂದಳು. ಇದನ್ನು ಬರೆಯುವ ಹಕ್ಕು ನನಗಿದೆಯೇ? ಕಾಗದಗಳನ್ನು ಅಚ್ಚು ಹಾಕಿಸಬಹುದೇ? ಅಮ್ಮ ಇರುವವರೆಗೆ ಕಾಯಬೇಕೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಕಾನೂನಿನ ಪ್ರಶ್ನೆಗಳು ಹಲವು ಇದ್ದರೂ ಅವುಗಳ ಹಿಂದಿನ ಅಳುಕು ಒಂದೇ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅಪ್ಪನಿಗೆ ದ್ರೋಹ ಬಗೆದಂತಾಗುತ್ತದೆಯೇ, ಬರೆಯದೆ ಬಿಟ್ಟರೆ ಅಮ್ಮನೂ ನೀವೂ ಬಾಳಿದ ಬಾಳು ನಡೆದೇ ಇಲ್ಲ ಎಂದಂತಾಗುತ್ತದೆಯೇ ಎಂಬುದು ಆ ಅಳುಕು. ಕಲಾವಿದರ ಮಕ್ಕಳು ಬರೆದ ಹಸ್ತಪ್ರತಿಗಳನ್ನು ಸಂಪಾದಿಸುವ ನನ್ನ ಕೆಲಸದಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕಾನೂನು ನೀವು ಹೆದರಿರುವ ಕಡೆ ಅಷ್ಟೇನೂ ಬಿಗಿಯಾಗಿಲ್ಲ, ನೀವು ಗಮನಿಸದ ಕಡೆ ಸಾಕಷ್ಟು ಬಿಗಿಯಾಗಿದೆ. ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ಬರೆಯುವ ಹಕ್ಕು ನಿಮಗಿದೆ. ನಿಮ್ಮ ಬಾಲ್ಯದ ನೆನಪನ್ನು ಬರೆಯಲು ತಮ್ಮಂದಿರ ಒಪ್ಪಿಗೆಯಾಗಲಿ, ಅಭಿಮಾನಿ ಸಂಘದ ಅನುಮತಿಯಾಗಲಿ ಬೇಕಿಲ್ಲ. ಒಂದು ಮನೆಯಿಂದ ತಂದೆಯ ಬಗ್ಗೆ ಒಂದೇ ಪುಸ್ತಕ ಬರಬೇಕೆಂಬ ನಿಯಮವೂ ಇಲ್ಲ. ಕುವೆಂಪು ಅವರ ಬಗ್ಗೆ ಮಗ ಪೂರ್ಣಚಂದ್ರ ತೇಜಸ್ವಿ ‘ಅಣ್ಣನ ನೆನಪು’ ಬರೆದರು, ಮಗಳು ತಾರಿಣಿ ಚಿದಾನಂದ ‘ಮಗಳು ಕಂಡ ಕುವೆಂಪು’ ಬರೆದರು. ಎರಡನ್ನೂ ಕನ್ನಡದ ಓದುಗರು ಎರಡು ಪುಸ್ತಕಗಳಾಗಿಯೇ ಓದಿದರು. ನಿಮ್ಮ ತಮ್ಮಂದಿರಿಗೆ ಅವರು ಕಂಡ ತಂದೆಯನ್ನು ಬರೆಯುವ ಸ್ವಾತಂತ್ರ್ಯ ಎಷ್ಟಿದೆಯೋ ನಿಮಗೂ ಅಷ್ಟೇ ಇದೆ.

‘ಸತ್ತವರ ಮರ್ಯಾದೆ’ಯ ಮಾತು ಅರ್ಧ ನಿಜ. ತೀರಿಕೊಂಡವರ ಮಾನ ಹೋಯಿತೆಂದು ಮನೆಯವರು ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಕೇಳಿದರೆ ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಕ್ರಿಮಿನಲ್ ಕಾನೂನಿನಲ್ಲಿ ಒಂದು ಬಾಗಿಲು ತೆರೆದಿದೆ. ಮೊದಲು ಭಾರತೀಯ ದಂಡಸಂಹಿತೆಯ 499ನೇ ಕಲಮಿನಲ್ಲಿದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿಗೆ ಬಂದಿರುವ ವಿವರಣೆಯ ಪ್ರಕಾರ, ಬದುಕಿದ್ದಿದ್ದರೆ ಆ ವ್ಯಕ್ತಿಯ ಹೆಸರಿಗೆ ಕುಂದು ತರುತ್ತಿದ್ದ ಆರೋಪವನ್ನು ಅವರ ಕುಟುಂಬದ ಅಥವಾ ಹತ್ತಿರದ ಸಂಬಂಧಿಕರ ಮನಸ್ಸು ನೋಯಿಸುವ ಉದ್ದೇಶದಿಂದ ಮಾಡಿದರೆ ಅದು ಮಾನಹಾನಿಯಾಗಬಹುದು. ಇಲ್ಲಿ ಉದ್ದೇಶವೇ ಮುಖ್ಯ. ತಂದೆಯನ್ನು ಅರ್ಥ ಮಾಡಿಕೊಳ್ಳಲು ಹೊರಟ ಮಗಳ ಪುಸ್ತಕದಲ್ಲಿ ನೋಯಿಸುವ ಉದ್ದೇಶವಿದೆಯೆಂದು ತೋರಿಸುವುದು ಕಷ್ಟ. ತಮ್ಮಂದಿರ ಮೇಲಿನ ಸಿಟ್ಟು ಪುಟಪುಟದಲ್ಲೂ ಕಂಡರೆ ಮಾತ್ರ ಅದು ಸುಲಭವಾಗುತ್ತದೆ. ಖಾಸಗಿತನದ ಹಕ್ಕಿನ ವಿಷಯದಲ್ಲಿಯೂ, ನಟ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೂಡಿದ್ದ ದಾವೆಯಲ್ಲಿ ಚಿತ್ರವೊಂದಕ್ಕೆ ಮಧ್ಯಂತರ ತಡೆ ಕೊಡಲು ನಿರಾಕರಿಸಿದ ದೆಹಲಿ ಹೈಕೋರ್ಟ್, ಆ ಹಕ್ಕು ವ್ಯಕ್ತಿಯೊಂದಿಗೇ ಕೊನೆಗೊಳ್ಳುತ್ತದೆ, ವಾರಸುದಾರರಿಗೆ ಬರುವುದಿಲ್ಲ ಎಂದು 2023ರಲ್ಲಿ ಹೇಳಿದೆ.

ನಿಜವಾದ ಬಿಗಿ ಇರುವುದು ಬದುಕಿರುವವರ ವಿಷಯದಲ್ಲಿ. ‘ನಿಜವನ್ನೇ ಬರೆದಿದ್ದೇನೆ, ಇನ್ನೇನು ಭಯ’ ಎಂದು ಬಹಳ ಲೇಖಕರು ನಂಬಿರುತ್ತಾರೆ. ಮಾನಹಾನಿಗೆ ನಿಜವು ದೊಡ್ಡ ರಕ್ಷಣೆ ಹೌದು, ಆದರೆ ಖಾಸಗಿತನದ ಪ್ರಶ್ನೆ ಬಂದಾಗ ಅದೊಂದೇ ಸಾಲದು. ಆರ್. ರಾಜಗೋಪಾಲ್ ವಿರುದ್ಧ ತಮಿಳುನಾಡು ರಾಜ್ಯ ಪ್ರಕರಣದಲ್ಲಿ, ಅಂದರೆ ‘ಆಟೋ ಶಂಕರ್’ ಎಂಬ ಕೈದಿಯ ಆತ್ಮಕಥೆಯನ್ನು ಕುರಿತ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ 1994ರಲ್ಲಿ ಸ್ಪಷ್ಟವಾಗಿ ಹೇಳಿದ್ದು ಇದು: ಒಬ್ಬರ ಕುಟುಂಬ, ಮದುವೆ, ತಾಯ್ತನ, ಮಕ್ಕಳು ಮುಂತಾದ ವಿಷಯಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಿದರೆ, ಅದು ನಿಜವಾಗಿರಲಿ ಸುಳ್ಳಾಗಿರಲಿ, ಹೊಗಳಿಕೆಯಾಗಿರಲಿ ತೆಗಳಿಕೆಯಾಗಿರಲಿ, ಖಾಸಗಿತನಕ್ಕೆ ಧಕ್ಕೆಯಾಗುತ್ತದೆ. ಸಾರ್ವಜನಿಕ ದಾಖಲೆಯಲ್ಲಿ ಈಗಾಗಲೇ ಇರುವ ಸಂಗತಿಗೆ ಇದು ಅನ್ವಯಿಸುವುದಿಲ್ಲ. ಈ ಮಾತನ್ನು ನಿಮ್ಮ ಮನೆಗೆ ಅನ್ವಯಿಸಿ ನೋಡಿ. ನಿಮ್ಮ ತಂದೆ ಪ್ರಸಿದ್ಧರು, ಅವರು ಈಗಿಲ್ಲ. ಆದರೆ ಇನ್ನೊಂದು ಊರಿನ ಆ ಮಗ ಪ್ರಸಿದ್ಧನಲ್ಲ, ಬದುಕಿದ್ದಾನೆ. ಅವನ ತಾಯಿ ಇದ್ದರೆ ಅವರೂ ಹಾಗೆಯೇ. ನಿಮ್ಮ ಅಮ್ಮನೂ ಹಾಗೆಯೇ. ನೀವು ಕಾಪಾಡಬೇಕಾದದ್ದು ಇವರನ್ನು.

ಆ ಪ್ರಕಾಶಕರ ಸಲಹೆಯನ್ನು ನಾನು ಬಲವಾಗಿ ವಿರೋಧಿಸುವುದು ಇದೇ ಕಾರಣಕ್ಕೆ. ನಾಟಕ ಕಂಪನಿಗಳ ಚರಿತ್ರೆಯಲ್ಲಿ ಹೆಸರೇ ಉಳಿಯದ ನಟಿಯರು ಎಷ್ಟೋ ಮಂದಿ. ಆ ಹೆಣ್ಣುಮಗಳೂ ಬಣ್ಣ ಹಚ್ಚಿದವರಾಗಿದ್ದರೆ, ಅವರ ಇಡೀ ದುಡಿಮೆಯನ್ನು ‘ಎರಡನೆಯ ಸಂಸಾರ’ ಎಂಬ ಒಂದು ಅಧ್ಯಾಯಕ್ಕೆ ಇಳಿಸುವುದು ಅನ್ಯಾಯ. ಬಣ್ಣ ಹಚ್ಚದವರಾಗಿದ್ದರೆ, ಸಾರ್ವಜನಿಕ ಬದುಕನ್ನು ಎಂದೂ ಬಯಸದವರನ್ನು ಬಲವಂತವಾಗಿ ವೇದಿಕೆಗೆ ಎಳೆದಂತೆ. ಹಾಗೆಂದು ಆ ವಿಷಯವನ್ನೇ ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ಅದರಿಂದ ನಿಮ್ಮ ಮನೆಯಲ್ಲಿ ಏನಾಯಿತು ಎಂಬುದು ನಿಮ್ಮದು. ಆ ಮನೆಯಲ್ಲಿ ಏನಾಯಿತು ಎಂಬುದು ನಿಮ್ಮದಲ್ಲ.

ಈ ಗೆರೆಯನ್ನು ವಾಕ್ಯದ ಮಟ್ಟದಲ್ಲಿಯೇ ಎಳೆಯಬಹುದು, ಒಂದು ಉದಾಹರಣೆ ಕೊಡುತ್ತೇನೆ. ‘ಆ ಭಾನುವಾರ ಅಪ್ಪ ಆಕೆಯ ಮನೆಗೆ ಹೋದರು’ ಎಂದು ಬರೆದರೆ ನೀವು ಕಾಣದ್ದನ್ನು ಕಂಡಂತೆ ಹೇಳಿದಿರಿ, ಇನ್ನೊಬ್ಬರ ಬದುಕಿನೊಳಗೆ ಕಾಲಿಟ್ಟಿರಿ. ‘ಆ ಭಾನುವಾರ ಅಪ್ಪ ಮೆಜೆಸ್ಟಿಕ್‌ನಲ್ಲಿ ಬಸ್ಸು ಹಿಡಿಯಬೇಕೆಂದು ಬೆಳಗಿನ ಜಾವವೇ ಎದ್ದರು, ಬೇರೆ ಊರಿಗೆ ಹೊರಟಾಗಲೆಲ್ಲ ಬುತ್ತಿ ಕಟ್ಟುತ್ತಿದ್ದ ಅಮ್ಮ ಅಂದು ಅಡುಗೆಮನೆಯಿಂದ ಹೊರಗೆ ಬರಲಿಲ್ಲ’ ಎಂದು ಬರೆದರೆ ಅದು ಹನ್ನೆರಡು ವರ್ಷದ ಹುಡುಗಿ ಬಾಗಿಲಲ್ಲಿ ನಿಂತು ಕಂಡದ್ದು. ಎರಡನೆಯದರಲ್ಲಿ ಯಾರ ಹೆಸರೂ ಇಲ್ಲ, ಆದರೂ ಓದುಗರಿಗೆ ಯಾವುದೂ ಮುಚ್ಚಿಲ್ಲ. ಹಸ್ತಪ್ರತಿಯನ್ನು ಮೊದಲಿನಿಂದ ಓದುತ್ತಾ, ಅಂಚಿನಲ್ಲಿ ಪೆನ್ಸಿಲಿನಿಂದ ಪ್ರತಿ ಸಂಗತಿಗೂ ‘ಕಂಡದ್ದು’, ‘ಕೇಳಿದ್ದು’, ‘ಊಹೆ’ ಎಂದು ಗುರುತು ಹಾಕಿ. ಕೇಳಿದ್ದಾದರೆ ಯಾರಿಂದ ಕೇಳಿದಿರಿ ಎಂಬುದು ವಾಕ್ಯದಲ್ಲಿಯೇ ಬರಲಿ. ಊಹೆಯಾದರೆ ಅದು ಊಹೆಯೆಂದು ಓದುಗರಿಗೆ ತಿಳಿಯಲಿ. ವಕೀಲರ ಮುಂದೆ ಇಟ್ಟಾಗಲೂ ಈ ಗುರುತುಗಳೇ ನಿಮ್ಮ ಕೈ ಹಿಡಿಯುತ್ತವೆ.

‘ಜನ ಕಂಡ ಅಪ್ಪನೇ ಬೇರೆ’ ಎಂದಿದ್ದೀರಿ. ಇದಕ್ಕೆ ಅವರ ಸ್ವಭಾವವೊಂದೇ ಕಾರಣವೆಂದು ಬರೆದು ಮುಗಿಸಬೇಡಿ. ಕಂಪನಿ ನಾಟಕದವರ ದಿನಚರಿಯೇ ಸಂಸಾರಸ್ಥರ ದಿನಚರಿಗೆ ತಿರುಗುಮುರುಗಾಗಿತ್ತು. ರಾತ್ರಿ ಒಂಬತ್ತು ಹತ್ತರ ಮೇಲೆ ಪರದೆ ಏಳುತ್ತಿತ್ತು, ಮುಗಿಯುವುದು ಸರಿರಾತ್ರಿ ಕಳೆದ ಮೇಲೆ. ಕೊಬ್ಬರಿ ಎಣ್ಣೆ ಸವರಿ ಬಣ್ಣ ಒರೆಸಿ, ಊಟ ಮಾಡಿ ಮಲಗುವ ಹೊತ್ತಿಗೆ ಊರು ಏಳುವ ಸಮಯವಾಗುತ್ತಿತ್ತು. ಒಂದು ಊರಿನಲ್ಲಿ ತಗಡಿನ ಥಿಯೇಟರು ಹಾಕಿ ತಿಂಗಳುಗಟ್ಟಲೆ ಕ್ಯಾಂಪು, ಕಲೆಕ್ಷನ್ ಬಿದ್ದರೆ ಮುಂದಿನ ಊರು. ಮಳೆ ಹಿಡಿದರೆ ಸಂಬಳ ತಡ. ಮಕ್ಕಳು ಶಾಲೆಗಾಗಿ ಅಜ್ಜಿಯ ಮನೆಯಲ್ಲಿ. ಹಾಸ್ಯನಟರ ಮೇಲೆ ಇನ್ನೊಂದು ಹೊರೆಯೂ ಇತ್ತು. ನಾಟಕ ಕುಸಿಯುತ್ತಿದೆ ಎಂದು ಕಂಡಾಗ ಅದನ್ನು ಎತ್ತಿ ನಿಲ್ಲಿಸುವ ಹೊಣೆ ಅವರದಾಗುತ್ತಿತ್ತು, ಮಾತಿಗೆ ಮಾತು ಹುಟ್ಟಿಸುತ್ತಾ ಜನರನ್ನು ಹಿಡಿದಿಡಬೇಕಾಗುತ್ತಿತ್ತು. ಮನೆಗೆ ಬಂದಾಗ ಅವರು ಮಾತಾಡದೆ ಕೂರುತ್ತಿದ್ದರೆ ಅದರಲ್ಲಿ ದಣಿವಿನ ಪಾಲೂ ಇದ್ದಿರಬೇಕು. ಸಿನಿಮಾ, ಆಮೇಲೆ ಟೀವಿ ಬಂದು ಕಂಪನಿಗಳು ಒಂದೊಂದಾಗಿ ಮುಚ್ಚಿದಾಗ ಆ ಪೀಳಿಗೆಯ ಕಲಾವಿದರಿಗೆ ತಾವು ಬಲ್ಲ ಒಂದೇ ಕಸುಬು ಕಣ್ಣೆದುರೇ ಕೈತಪ್ಪಿತು. ಕುಡಿತದ ಹಿಂದೆ ಇದೆಲ್ಲ ಎಷ್ಟರಮಟ್ಟಿಗೆ ಇತ್ತು ಎಂಬುದನ್ನು ಅಳೆಯಲು ನನ್ನಿಂದಾಗದು, ನಿಮ್ಮಿಂದಲೂ ಪೂರ್ತಿ ಆಗಲಿಕ್ಕಿಲ್ಲ. ಆದರೆ ಓದುಗರಿಗೆ ಈ ಬದುಕಿನ ಪರಿಚಯವಿರಲಿ. ಕಾರಣ ತಿಳಿಸುವುದೆಂದರೆ ಅಮ್ಮ ಉಂಡ ನೋವನ್ನು ಸಣ್ಣದು ಮಾಡುವುದಲ್ಲ. ಎರಡನ್ನೂ ಒಂದೇ ಪುಟದಲ್ಲಿ ಇಡುವುದು ನಿಮಗೆ ಸಾಧ್ಯ, ಅಭಿಮಾನಿ ಬರೆಯುವ ಜೀವನಚರಿತ್ರೆಗೆ ಅದು ಸಾಧ್ಯವಿಲ್ಲ.

ಹಾಗೆ ಬರೆಯಬೇಕಾದರೆ ಇಸವಿಗಳು ಗಟ್ಟಿಯಾಗಿರಬೇಕು. ದೊಡ್ಡ ವಿಷಯದಲ್ಲಿ ನಿಮ್ಮನ್ನು ಅಲ್ಲಗಳೆಯಬೇಕೆಂದಿರುವವರು ಸಣ್ಣ ತಪ್ಪನ್ನೇ ಹುಡುಕುತ್ತಾರೆ. ಹಳೆಯ ಹ್ಯಾಂಡ್‌ಬಿಲ್‌ಗಳ ತೊಡಕೇನೆಂದರೆ ಎಷ್ಟೋ ಬಾರಿ ಅವುಗಳಲ್ಲಿ ವಾರ, ತಾರೀಖು ಇರುತ್ತವೆ, ಇಸವಿ ಇರುವುದಿಲ್ಲ. ನಿಮ್ಮ ಟ್ರಂಕಿನಲ್ಲಿ ‘ಸಂಕ್ರಾಂತಿ ವಿಶೇಷ, ಶನಿವಾರ, ತಾ. 14ನೇ ಜನವರಿ’ ಎಂಬ ಒಂದು ಹಾಳೆ ಇದೆ ಎಂದುಕೊಳ್ಳಿ. 1955ರಿಂದ 1980ರವರೆಗೆ ಜನವರಿ 14 ಶನಿವಾರ ಬಂದದ್ದು 1956, 1961, 1967, 1978ರಲ್ಲಿ ಮಾತ್ರ. ಇನ್ನು ಟಿಕೆಟ್ ದರ ನೋಡಿ. ಆಣೆಯಲ್ಲಿದ್ದರೆ 1956 ಎನ್ನಬಹುದು. ನಯಾಪೈಸೆಯಲ್ಲಿದ್ದರೆ, ಆ ಹೆಸರು ಚಾಲ್ತಿಯಲ್ಲಿದ್ದದ್ದು 1957ರ ಏಪ್ರಿಲ್‌ನಿಂದ 1964ರ ಮೇ ತನಕವಾದ್ದರಿಂದ, ಉಳಿಯುವುದು 1961 ಒಂದೇ. ಬರೀ ಪೈಸೆಯಾಗಿದ್ದು ‘ಮೈಸೂರು ರಾಜ್ಯ’ ಎಂದಿದ್ದರೆ 1967, ‘ಕರ್ನಾಟಕ’ ರಾಜ್ಯದ ಹೆಸರಾಗಿ ಅಚ್ಚಾಗಿದ್ದರೆ 1978, ಏಕೆಂದರೆ ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆ ವಾರದ ಪತ್ರಿಕೆಯಲ್ಲಿ ನಾಟಕದ ಜಾಹೀರಾತು ಸಿಕ್ಕಿಬಿಟ್ಟರೆ ಸಂಶಯವೇ ಉಳಿಯುವುದಿಲ್ಲ. ‘ಪ್ರಜಾವಾಣಿ’ 1948ರಿಂದ ಬರುತ್ತಿದೆ. ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆಗಳನ್ನೂ ಹೀಗೆಯೇ ತಾಳೆ ನೋಡಿ. ‘ನೀನು ಹುಟ್ಟಿದ ವರ್ಷ ಅಪ್ಪ ಕಲಾಕ್ಷೇತ್ರದಲ್ಲಿ ಆಡಿದರು’ ಎಂದು ಅತ್ತೆ ಹೇಳುತ್ತಿದ್ದು, ನೀವು ಹುಟ್ಟಿದ್ದು 1963ಕ್ಕೆ ಮೊದಲಾದರೆ, ರವೀಂದ್ರ ಕಲಾಕ್ಷೇತ್ರ ಆಗಿನ್ನೂ ಉದ್ಘಾಟನೆಯೇ ಆಗಿರಲಿಲ್ಲ. ಪುರಭವನ ಆಗಿತ್ತೇ ಎಂದು ಕೇಳಿ ನೋಡಿ, ಅದು 1935ರದು.

ಕಾಗದಗಳ ವಿಷಯಕ್ಕೆ ಬರುತ್ತೇನೆ, ಬಹುಪಾಲು ಕುಟುಂಬಗಳು ಎಡವುವುದು ಇಲ್ಲೇ. ಅಪ್ಪ ಅಮ್ಮನಿಗೆ ಬರೆದ ಕಾಗದದ ಹಾಳೆ ಅಮ್ಮನ ಸ್ವತ್ತು. ಅದರಲ್ಲಿರುವ ಬರಹದ ಹಕ್ಕುಸ್ವಾಮ್ಯ ಬರೆದವರದು, ಅವರ ನಂತರ ಅವರ ವಾರಸುದಾರರದು. 1957ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಇದರ ಅವಧಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ; ಅವರು ತೀರಿಕೊಂಡ ಬಳಿಕ ಮೊದಲ ಬಾರಿ ಪ್ರಕಟವಾದ ಬರಹಕ್ಕೆ ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಉಯಿಲು ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅಮ್ಮ, ನೀವು, ತಮ್ಮಂದಿರು ಸಮಪಾಲುದಾರರು. ಅಂದರೆ ಕಾಗದಗಳನ್ನು ಪೂರ್ತಿಯಾಗಿ ಅಚ್ಚು ಹಾಕಿಸಲು ನಿಮಗೆ ತಮ್ಮಂದಿರ ಲಿಖಿತ ಒಪ್ಪಿಗೆ ಬೇಕು. ನೆನಪು ಬರೆಯಲು ಬೇಡದ ಒಪ್ಪಿಗೆ ಇಲ್ಲಿ ಬೇಕಾಗುತ್ತದೆ ಎಂಬುದನ್ನು ಗಮನಿಸಿ. ಇನ್ನೂ ಒಂದು ಸಂಗತಿ ಇದೆ. ತಂದೆಗೂ ಆ ಇನ್ನೊಬ್ಬರಿಗೂ ಮದುವೆ ನಡೆದಿದ್ದು, ಮೊದಲ ಮದುವೆ ಇದ್ದ ಕಾರಣ ಅದು ಅಸಿಂಧುವಾಗಿದ್ದರೂ, ಅಂಥ ಮದುವೆಯ ಮಕ್ಕಳಿಗೆ ತಂದೆತಾಯಿಯ ಆಸ್ತಿಯಲ್ಲಿ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು ರೇವಣಸಿದ್ದಪ್ಪ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಹಾಗಿದ್ದಲ್ಲಿ ಈ ಕಾಗದಗಳ ಹಕ್ಕಿನಲ್ಲಿ ಆ ಮಗನಿಗೂ ಪಾಲು ಬರಬಹುದು. ಇದನ್ನು ಹಕ್ಕುಸ್ವಾಮ್ಯ ಬಲ್ಲ ವಕೀಲರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಒಪ್ಪಿಗೆ ಸಿಗದಿದ್ದರೆ ಕಾಗದದ ಸಾಲುಗಳನ್ನು ಉದ್ಧರಿಸದೆ, ಅದರಲ್ಲಿದ್ದ ಸಂಗತಿಯನ್ನು ನಿಮ್ಮ ಮಾತಿನಲ್ಲಿ ಹೇಳಬಹುದು. ಸಂಗತಿಗೆ ಹಕ್ಕುಸ್ವಾಮ್ಯವಿಲ್ಲ, ಬರೆದ ರೀತಿಗೆ ಇದೆ.

ಫೋಟೊಗಳಲ್ಲಿ, ಮನೆಯವರು ಹಣ ಕೊಟ್ಟು ಸ್ಟುಡಿಯೊದಲ್ಲಿ ತೆಗೆಸಿದವು ಬೇರೆ ಒಪ್ಪಂದ ಇಲ್ಲದಿದ್ದರೆ ಸಾಮಾನ್ಯವಾಗಿ ತೆಗೆಸಿದವರದೇ. ಸಿನಿಮಾ ಸ್ಟಿಲ್ಲುಗಳಿಗೆ ನಿರ್ಮಾಪಕರನ್ನು, ಪತ್ರಿಕೆಯ ಚಿತ್ರಗಳಿಗೆ ಪತ್ರಿಕೆಯನ್ನು ಕೇಳಬೇಕು. ಕ್ಯಾಸೆಟ್‌ಗಳನ್ನು ಹಳೆಯ ಟೇಪ್‌ರೆಕಾರ್ಡರಿಗೆ ಹಾಕಿ ನೋಡುವ ಆಸೆ ಬಿಡಿ. ಬೂಷ್ಟು ಹಿಡಿದ ಟೇಪು ಸುತ್ತಿಕೊಂಡು ಹರಿದರೆ ಆ ದನಿ ಮತ್ತೆ ಸಿಗದು. ಮೊದಲು ಬಲ್ಲವರಿಂದ ಡಿಜಿಟಲ್ ಪ್ರತಿ ಮಾಡಿಸಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಕಾದಂಬರಿ ಮಾಡುವುದು ಸುರಕ್ಷಿತ ಎಂಬುದು ತಪ್ಪು ತಿಳಿವಳಿಕೆ. ಹೆಸರು ಬದಲಿಸಿದರೂ ಓದುಗರು ಯಾರೆಂದು ಗುರುತಿಸುವಂತಿದ್ದರೆ ಮಾನಹಾನಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ನಿಮ್ಮ ತಂದೆಯಂಥವರನ್ನು ಗುರುತಿಸದವರು ಕಡಿಮೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಇಷ್ಟು ಕಾಲ ಜೋಪಾನ ಮಾಡಿದ ಕಂಡದ್ದೆಲ್ಲವೂ ಕಟ್ಟಿದ ಕಥೆಯಾಗಿಬಿಡುತ್ತದೆ, ಸುಳ್ಳು ಎನ್ನುವವರಿಗೆ ನೀವೇ ಮಾತು ಕೊಟ್ಟಂತಾಗುತ್ತದೆ. ಕಾದಂಬರಿಯೇ ನಿಮ್ಮ ಮನಸ್ಸಿನಲ್ಲಿದ್ದರೆ ಬರೆಯಿರಿ, ಆದರೆ ಭಯದಿಂದ ಅದಕ್ಕೆ ಹೋಗಬೇಡಿ. ಬಂಧುಗಳಿಗಷ್ಟೇ ಎಂದು ಕೆಲವು ಪ್ರತಿ ಮಾಡಿಸುವುದನ್ನೂ ಕೆಲವರು ಹೇಳಬಹುದು. ಕಾನೂನಿನ ಕಣ್ಣಿಗೆ ಮೂರನೆಯವರ ಕೈಗೆ ಹೋದರೆ ಅದೂ ಪ್ರಕಟಣೆಯೇ, ವಾಟ್ಸಾಪ್ ಗುಂಪುಗಳಿಗೆ ಹೋದ ಪುಟಗಳು ಹಿಂದಕ್ಕೆ ಬರುವುದಿಲ್ಲ. ತಮ್ಮಂದಿರ ಜೊತೆಗೂಡಿ ಒಂದು ಸ್ಮರಣ ಸಂಪುಟ ತರುವುದು ಮನೆಗೆ ನೆಮ್ಮದಿ ತಂದೀತು, ಆದರೆ ಅದು ನೀವು ಬರೆಯಹೊರಟ ಪುಸ್ತಕವಲ್ಲ. ಅದನ್ನು ಅವರು ಮಾಡಲಿ, ನೀವೂ ಒಂದು ಲೇಖನ ಕೊಡಿ.

ಅಮ್ಮ ಇರುವವರೆಗೆ ಕಾಯುವುದು ಮೇಲುನೋಟಕ್ಕೆ ಗೌರವದ ದಾರಿಯಂತೆ ಕಾಣುತ್ತದೆ. ನನ್ನ ಅಭಿಪ್ರಾಯ ಬೇರೆ. ಕಾದರೆ, ಈ ಬದುಕನ್ನು ಅತಿ ಹತ್ತಿರದಿಂದ ಕಂಡ ಒಬ್ಬರೇ ಸಾಕ್ಷಿಯ ಮಾತು ಇಲ್ಲದೆ ನೀವು ಬರೆಯಬೇಕಾಗುತ್ತದೆ, ಅವರು ಒಪ್ಪುತ್ತಿದ್ದರೋ ಇಲ್ಲವೋ ಎಂಬ ಪ್ರಶ್ನೆ ನಿಮ್ಮನ್ನು ಕೊನೆಯವರೆಗೂ ಬಿಡುವುದಿಲ್ಲ. ಪ್ರಕಟಣೆ ತಡವಾಗಲಿ, ಚಿಂತೆಯಿಲ್ಲ. ಕೇಳುವುದು ಮಾತ್ರ ತಡವಾಗಬಾರದು. ಬೆಳಿಗ್ಗೆ ತಿಂಡಿ ಮುಗಿಸಿ ಅವರು ಲವಲವಿಕೆಯಿಂದಿರುವ ಹೊತ್ತಿನಲ್ಲಿ, ಫೋನಿನ ರೆಕಾರ್ಡರ್ ಹಾಕಿರುವುದನ್ನು ಅವರಿಗೆ ತಿಳಿಸಿ, ಒಂದೊಂದು ಫೋಟೊ ಕೈಗೆ ಕೊಟ್ಟು ‘ಇದು ಯಾವ ಕ್ಯಾಂಪು, ಇಲ್ಲಿ ಪಕ್ಕದಲ್ಲಿರುವವರು ಯಾರು’ ಎಂದು ಕೇಳಿ. ನೋವಿನ ಪ್ರಶ್ನೆಯಿಂದ ಆರಂಭಿಸಬೇಡಿ. ಅಡುಗೆ, ಬಾಡಿಗೆ ಮನೆ, ಸಂಬಳ ಬಂದ ದಿನ, ಬಾರದ ದಿನ ಇವುಗಳ ಬಗ್ಗೆ ಕೇಳಿದರೆ ಉಳಿದದ್ದನ್ನು ಹೇಳಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಇನ್ನೊಂದು ಸಂಸಾರದ ವಿಷಯ ಬರುವ ಪುಟಗಳನ್ನು ಅವರಿಗೆ ಓದಿ ಹೇಳಿ. ‘ಇದು ಬೇಡ’ ಎಂದರೆ ಆ ಪುಟಗಳು ಅವರ ಕಾಲದಲ್ಲಿ ಅಚ್ಚಾಗಬಾರದು. ಈ ಒಂದು ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ, ಏಕೆಂದರೆ ಅದು ನಿಮ್ಮ ಬಾಲ್ಯವಾಗುವ ಮೊದಲೇ ಅವರ ದಾಂಪತ್ಯವಾಗಿತ್ತು. ಉಳಿದ ಪುಸ್ತಕ ಅದರಿಂದ ನಿಲ್ಲಬೇಕಿಲ್ಲ.

ಪ್ರಕಾಶಕರ ಜೊತೆ ಮಾಡಿಕೊಳ್ಳುವ ಒಪ್ಪಂದದ ಬಗ್ಗೆ ಎರಡೇ ಮಾತು. ಹಕ್ಕು ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಕಾಯಿದೆಯಂತೆ ಅದು ಐದು ವರ್ಷಕ್ಕೆ, ಭಾರತಕ್ಕೆ ಸೀಮಿತ. ಆದರೂ ಬರೆಸಿಕೊಳ್ಳುವುದೇ ಮೇಲು. ಸಿನಿಮಾ, ವೆಬ್ ಸರಣಿಯ ಹಕ್ಕನ್ನು ಪುಸ್ತಕದ ಪ್ರಕಾಶಕರಿಗೆ ಕೊಡಬೇಡಿ, ಮುಖಪುಟ ಮತ್ತು ಬೆನ್ನುಡಿಗೆ ನಿಮ್ಮ ಒಪ್ಪಿಗೆ ಬೇಕೆಂಬ ಮಾತು ಒಪ್ಪಂದದಲ್ಲಿರಲಿ. ಒಳಗೆ ಬರೆಯದ ಗುಲ್ಲನ್ನು ಬೆನ್ನುಡಿಯಲ್ಲಿ ಬರೆದು ಮಾರುವವರಿದ್ದಾರೆ.

ತಮ್ಮಂದಿರಿಗೆ ಪೂರ್ತಿ ಹಸ್ತಪ್ರತಿ ಕೊಡುವ ಕಟ್ಟುಪಾಡು ನಿಮಗಿಲ್ಲ. ಅವರು ಕಾಣಿಸಿಕೊಳ್ಳುವ ಪುಟಗಳನ್ನು ಮಾತ್ರ, ಅಮ್ಮ ಕೇಳಿದ ಮೇಲೆ ಮತ್ತು ಪ್ರಕಾಶಕರಿಗೆ ಒಪ್ಪಿಸುವ ಮೊದಲು, ತಲುಪಿಸಿ ಒಂದು ತಿಂಗಳು ಸಮಯ ಕೊಡಿ. ಇಸವಿ, ಊರು, ಹೆಸರಿನ ತಪ್ಪು ತೋರಿಸಿದರೆ ತಿದ್ದಿ. ‘ಅಪ್ಪ ಹಾಗಿರಲಿಲ್ಲ’ ಎಂದಷ್ಟೇ ಹೇಳಿದರೆ, ಅವರು ಕಂಡ ಅಪ್ಪನನ್ನು ಅವರದೇ ಮಾತಿನಲ್ಲಿ ಒಂದೆರಡು ಪುಟ ಬರೆದುಕೊಡಲು ಕೇಳಿ, ಅದನ್ನು ಅವರ ಹೆಸರಿನಲ್ಲಿಯೇ ಪುಸ್ತಕದ ಕೊನೆಯಲ್ಲಿ ಸೇರಿಸುವುದಾಗಿ ತಿಳಿಸಿ. ಕಾಗದಗಳ ಒಪ್ಪಿಗೆಯ ಮಾತನ್ನೂ ಅದೇ ಹೊತ್ತಿಗೆ ಎತ್ತಿ. ಬರೆದುಕೊಟ್ಟರೆ ಒಳ್ಳೆಯದೇ, ಬರೆದುಕೊಡದಿದ್ದರೆ ನೀವು ಕೇಳಿದ ಪತ್ರದ ಪ್ರತಿಯನ್ನು ತಾರೀಖಿನೊಂದಿಗೆ ನಿಮ್ಮ ಕಡತದಲ್ಲಿ ಇಟ್ಟುಕೊಂಡು ಮುಂದುವರಿಯಿರಿ.